ಕೊಪ್ಪರಿಗೆಯಲ್ಲಿ ಕುಳಿತ ಫೋಬಿಯಾ ಪಂಡಿತ

ನಮ್ಮ ಸೋದರಮಾವನಷ್ಟು ಅಂಜಿಕೆಗಳನ್ನು ಸಾಕಿದವರು ಐನಾಪುರದ ಸುತ್ತಮುತ್ತ ಯಾರೂ ಇರಲಿಲ್ಲ. ಒಂದೂ ಅವನದಲ್ಲ, ಎಲ್ಲವೂ ಊರವರದು! ಮೆಟ್ರಿಕ್‌ನಲ್ಲಿ ಇಂಗ್ಲಿಷಿಗೇ ಎರಡು ಸಲ ಡುಮ್ಕಿ ಹೊಡೆದ ಮಾವ ಹಠಕ್ಕೆ ಬಿದ್ದು, ಎಲ್ಲಿಂದಲೋ ಹಳೆಯ ಡಿಕ್ಷನರಿ ತಂದು, ‘ಫೋಬಿಯಾ’ ಎಂದು ಮುಗಿಯುವ ಶಬ್ದಗಳನ್ನಷ್ಟೇ ಬಾಯಿಪಾಠ ಮಾಡಿದ. ಉಳಿದ ಇಂಗ್ಲಿಷ್ ಯಾಕೆ ಬೇಕು? ಮನುಷ್ಯ ಯಾವುದಕ್ಕೆ ಅಂಜುತ್ತಾನೆಂದು ಗೊತ್ತಾದರೆ ಸಾಲದೇ!

ಕಬ್ಬಿಗೆ ನೀರು ಬಿಡುತ್ತ ನಿಂತಲ್ಲಿಂದಲೇ ದಾರಿಹೋಕರ ರೋಗ ಹೆಸರಿಸುತ್ತಿದ್ದ. ಬೆಕ್ಕು ಕಂಡರೆ ಕಿರುಚುವ ಅವನ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, ಐಲುರೋಫೋಬಿಯಾ. ಸೂಜಿ ನೋಡಿ ದವಾಖಾನೆಯ ಕಿಟಕಿ ಹಾರಿದ ನಮ್ಮೂರ ಪೈಲ್ವಾನನಿಗೆ ಟ್ರಿಪನೋಫೋಬಿಯಾ. ಮಾವಿನ ಮರ ಹತ್ತಲೊಲ್ಲದ ನನಗೆ ಆಕ್ರೋಫೋಬಿಯಾ.

“ನಿನಗ ಯಾವ್ದೈತಿ ಮಾಮಾ?” ಎಂದರೆ, “ಡಾಕ್ಟರನ ನಾಡಿ ಯಾರರೆ ಹಿಡೀತಾರೇನಲೇ?” ಎನ್ನುತ್ತಿದ್ದ.

ಒಮ್ಮೆ ನನ್ನ ಅಣ್ಣನನ್ನು ನೋಡಲು ತೆಲಸಂಗದಿಂದ ಹೆಣ್ಣಿನ ಕಡೆಯವರು ಬಂದರು. ಅಣ್ಣನೋ ಮದುವೆಯ ಮಾತೆತ್ತಿದರೆ ಅಟ್ಟ ಹತ್ತುವವ. ಮಾವ ಚಹಾದ ಬಸಿ ಕೆಳಗಿಟ್ಟು ಗಂಭೀರವಾಗಿ, “ಹುಡುಗಗ ಗ್ಯಾಮೋಫೋಬಿಯಾ ಐತ್ರಿ” ಎಂದ. ಅಂದರೆ ಮದುವೆಯ ಅಂಜಿಕೆ. ಹುಡುಗಿಯ ತಂದೆಯ ಮುಖ ಅರಳಿತು. “ಬಿ.ಎ. ಆದಮ್ಯಾಲೆ ಅದನ್ನೂ ಮುಗಿಸ್ಯಾರೇನ್ರಿ? ಎಷ್ಟ್ ವರ್ಷದ್ದರಿ ಅದು?”

ಲಗ್ನ ಆಗಿಯೇ ಹೋಯಿತು! ಆ ಅಂಜಿಕೆ ಹೋಯಿತೋ, ಹೆಚ್ಚಿತೋ, ಅತ್ತಿಗೆಯನ್ನೇ ಕೇಳಬೇಕು.

ಇಂಥವನನ್ನು ನೆನೆದು ನಗುವಾಗಲೂ ನನ್ನ ಅಂಗೈ ಬೆವರುತ್ತದೆ. ಕಾರಣ ಹೇಳುತ್ತೇನೆ.

ನಮ್ಮಲ್ಲಿ ಬಿಸಿಲು ಬಿದ್ದಿದ್ದರೂ ಮಹಾರಾಷ್ಟ್ರದಲ್ಲಿ ಮಳೆ ಹೊಡೆದರೆ ಕೃಷ್ಣೆ ಏರುತ್ತಾಳೆ. ನಾನು ಅಥಣಿಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ ಹಾಗೆಯೇ ಆಯಿತು. ಎಮ್ಮೆ ಹಿಂಡಲು ತೋಟದ ಮನೆಗೆ ಹೋಗಿದ್ದ ಅತ್ತೆಯ ಸುತ್ತ ನೀರು ಬಂತು. ಎಮ್ಮೆಯ ಹಗ್ಗ ಬಿಚ್ಚಿಬಿಟ್ಟು ಅವಳು ಮಾಳಿಗೆ ಏರಿ ಕುಳಿತಿದ್ದಳು. ಮಣ್ಣಿನ ಗೋಡೆ, ಎಷ್ಟು ಹೊತ್ತು ತಡೆದೀತು? ಇದ್ದ ಒಂದೇ ದೋಣಿ ಕುಡಚಿಯ ಕಡೆ ಹೋಗಿತ್ತು. ಅಂಥ ಹೊತ್ತಿನಲ್ಲಿ ನಮ್ಮವರ ಕೈಗೆ ಬರುವುದು ಬೆಲ್ಲ ಕಾಸುವ ಕೊಪ್ಪರಿಗೆ. ಗಾಣದ ಮನೆಯಿಂದ ಉರುಳಿಸಿ ತಂದು ನೀರಿಗಿಟ್ಟರೆ ಅದೇ ದೋಣಿ. ಈಜು ಬಲ್ಲ ಇಬ್ಬರು ಹಿಡಿಕೆ ಹಿಡಿದು ತಳ್ಳಬೇಕು. ನಾನೂ ಪೈಲ್ವಾನನೂ ಇಳಿದೆವು.

ಮಾವ ಬಂದು ಒಳಗೆ ಕುಳಿತ. ಚಪ್ಪಲಿ ಸಮೇತ!

“ನಿಮಗ ಈಜು ಬರತೈತೇನ್ರಿ?” ಎಂದ ಪೈಲ್ವಾನ.

“ಇಲ್ಲ.”

“ಹಂಗಾರ ನೀವ್ಯಾಕ್ರಿ? ಖಾಲೀನ ಒಯ್ತೀವಿ.”

“ಖಾಲಿ ಕೊಪ್ಪರಿಗಿ ನೋಡಿದ್ರ ಅಕಿ ಇಳಿಯಾಂಗಿಲ್ಲೋ. ನಾ ಕುಂತಿದ್ದ ನೋಡಿದ್ರ ಇಳೀತಾಳ. ನಡೀರಲೇ!”

ನಡುನೀರಿನಲ್ಲಿ ಕೊಪ್ಪರಿಗೆ ಬುಗುರಿಯಾಯಿತು. ಮಾವನ ಮುಖ ಒಮ್ಮೆ ಮಹಾರಾಷ್ಟ್ರಕ್ಕೆ, ಒಮ್ಮೆ ಕರ್ನಾಟಕಕ್ಕೆ! ಅಷ್ಟರಲ್ಲಿ ತೇಲಿಬಂದ ಮರದ ಬೊಡ್ಡೆಯೊಂದು ಬಡಿದು, ನೀರು ಒಳನುಗ್ಗಿ, ಹಿಡಿಕೆಯಿಂದ ನನ್ನ ಕೈ ಜಾರಿತು. ಮರುಕ್ಷಣವೇ ಹಿಡಿದೆ, ನಿಜ. ಆದರೆ ಆ ಒಂದು ಕ್ಷಣವನ್ನು ನಾನಿನ್ನೂ ದಾಟಿಲ್ಲ. ಮಾವ ಕಣ್ಣು ಮುಚ್ಚಿಕೊಂಡೇ ತನ್ನ ಗಾಂಧಿ ಟೊಪ್ಪಿಗೆಯಿಂದ ನೀರು ಮೊಗೆದು ಮೊಗೆದು ನನ್ನ ತಲೆಯ ಮೇಲೇ ಸುರಿಯುತ್ತಿದ್ದ.

ಮಾಳಿಗೆಯಿಂದ ಅತ್ತೆ ಕೂಗಿದಳು: “ಏನ್ರೀ, ಕಣ್ಣ ತೆರೀರಿ! ಇದ್ಯಾವ ಫೋಬಿಯಾರಿ?”

“ಹೆಸರ ಮನ್ಯಾಗ ಹೇಳ್ತೇನಿ, ಮೊದಲ ಇಳಿ!”

ಕೊಪ್ಪರಿಗೆ ಗೋಡೆಗೆ ತಾಗಿದ ಕೂಡಲೇ ಇಳಿದಳು. ನಾವು ದಂಡೆ ಮುಟ್ಟುವ ಮೊದಲೇ ಹಿಂದೆ ಗೋಡೆ ಕುಸಿದ ಸದ್ದು ಕೇಳಿತು. ತಿರುಗಿ ನೋಡುವ ಧೈರ್ಯ ಯಾರಿಗೂ ಆಗಲಿಲ್ಲ.

ಜನ ಕೊಪ್ಪರಿಗೆಯನ್ನು ಮೇಲಕ್ಕೆಳೆದರು. ಮಾವ ಅತ್ತೆಯ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಎರಡು ಬಳೆ ಒಡೆದು ರಕ್ತ ಜಿನುಗುತ್ತಿತ್ತು.

“ಬಿಡ್ರಿ, ದಂಡಿ ಬಂತು,” ಎಂದಳು ಅತ್ತೆ.

ಅವನ ಬೆರಳು ಬಿಚ್ಚಲಿಲ್ಲ. ಅತ್ತೆ ಸುತ್ತ ನಿಂತವರನ್ನೊಮ್ಮೆ ನೋಡಿ, ಇನ್ನೊಂದು ಕೈಯಿಂದ ಸೆರಗೆಳೆದು ಅವನ ಮುಖ ಒರೆಸಿದಳು. ಅವನು ಹಿಡಿದ ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.