ಎಡಪಕ್ಕದ ಹೊಳಪು

ಪ್ರೆಸ್ಸಿನಲ್ಲಿ ಕರಡು ತಿದ್ದುವ ಪ್ರೂಫಣ್ಣನಿಗೆ ಬೆಳಗಿನ ಕಾಫಿಯ ಜೊತೆಗೇ ಆ ಸುದ್ದಿಯೂ ಬಂತು.

"ಸಾಯಂಕಾಲ ಐದು ಗಂಟೆಗೆ ಕಾರು ನೋಡೋಕೆ ಔಷಧಿ ಅಂಗಡಿಯವರು ಬರ್ತಾರೆ. ಒಪ್ಪಿದ್ರೆ ಇವತ್ತೇ ಕೊಟ್ಟುಬಿಡೋಣ," ಎಂದಳು ಹೆಂಡತಿ. ಅವಳು ಗಣಿತದ ಟೀಚರ್, ಸುತ್ತಿ ಬಳಸಿ ಮಾತಾಡುವವಳಲ್ಲ. "ಮಸಿಬಟ್ಟೆ ಥರ ಆಗಿದೆ ಅದು. ಅದರಿಂದ ಸ್ಕೂಲಿನ ಮುಂದೆ ಇಳಿಯೋಕೆ ನನಗೆ ನಾಚಿಕೆ."

ಹತ್ತೊಂಬತ್ತು ವರ್ಷದ ನೀಲಿ ಕಾರು ಅದು. ಹೆರಿಗೆ ಆಸ್ಪತ್ರೆಯಿಂದ ಮಗಳನ್ನು ಮನೆಗೆ ಕರೆತಂದದ್ದು ಅದರಲ್ಲೇ. ಆ ದಿನ ಅವನು ಎಷ್ಟು ನಿಧಾನವಾಗಿ ಓಡಿಸಿದ್ದನೆಂದರೆ, ಸೈಕಲ್ಲಿನವನೊಬ್ಬ ಬೆಲ್ಲು ಹೊಡೆದು ಮುಂದೆ ಹೋಗಿದ್ದ. ಮಗಳು ಈಗ ಹಾಸ್ಟೆಲ್ಲಿನಲ್ಲಿದ್ದಾಳೆ, ನೀಲಿ ಬೂದಿಬಣ್ಣಕ್ಕೆ ತಿರುಗಿದೆ. ಬಾನೆಟ್ಟಿನ ಒಂದೊಂದು ಗೀರೂ ಒತ್ತಕ್ಷರ ಬಿಟ್ಟುಹೋದ ಸಾಲಿನ ಹಾಗೆ ಪ್ರೂಫಣ್ಣನ ಕಣ್ಣಿಗೆ ಚುಚ್ಚುತ್ತಿತ್ತು. ಆ ಮೊದಲಿನ ನೀಲಿಯನ್ನು ಇನ್ನೊಮ್ಮೆ ನೋಡಬೇಕು, ಅದೊಂದೇ ಅವನ ಹಂಬಲ. ತಿಂಗಳುಗಟ್ಟಲೆ ಊಟದ ಬಿಡುವಿನಲ್ಲಿ ವೈರಿಲ್ಲದ ಪುಟ್ಟ ಪಾಲಿಷ್ ಮೆಷಿನ್ನುಗಳ ವಿಡಿಯೊ ನೋಡಿದ್ದ, ಯಾವುದು ಕೊಳ್ಳುವುದೆಂದು ಮಾತ್ರ ತೀರ್ಮಾನವಾಗಿರಲಿಲ್ಲ. ಆ ಬಣ್ಣ ಕಂಡರೆ ಹೆಂಡತಿಯ ಮನಸ್ಸೂ ಕರಗುತ್ತದೆಂದು ಅವನ ನಂಬಿಕೆ. ಅವಳು ಬಸ್ಸು ಹತ್ತಿದ್ದೇ ತಡ, ಪ್ರೆಸ್ಸಿಗೆ ರಜೆ ಹೇಳಿ ಹೊರಟ.

ಕಾರಿನ ಬಾಗಿಲು ತೆರೆದರೆ ಮಹಡಿ ಮನೆಯ ಕಂಡಕ್ಟರ್ ಮಾಮ ಆಗಲೇ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಬಸ್ಸಿನ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಊರೆಲ್ಲ ತಮ್ಮದೇ ಬಸ್ಸು.

ಹಾರ್ಡ್‌ವೇರ್ ಅಂಗಡಿಯವನು ಎರಡು ಪಾಲಿಷ್ ಮೆಷಿನ್ನು ತೆಗೆದಿಟ್ಟ. "ಈ ದೊಡ್ಡದು ನೆಟ್ಟಗೆ ಸುತ್ತುತ್ತೆ ಸಾರ್. ಕೆಲಸ ಬೇಗ ಆಗುತ್ತೆ, ಕೈ ತಪ್ಪಿದ್ರೆ ಬಣ್ಣಾನೂ ಕಿತ್ಕೊಂಡು ಬರುತ್ತೆ. ಈ ಚಿಕ್ಕದು ಸುತ್ತುತ್ತಾ ನಡುಗುತ್ತೆ. ನಿಧಾನ, ಆದ್ರೆ ಹೊಸಬರ ಕೈಗೆ ಇದೇ ವಾಸಿ. ಹ್ಯಾಂಡಲ್ ಸುತ್ತ, ಕನ್ನಡಿ ಕೆಳಗೆ ಎಲ್ಲಾ ಕಡೆ ಹೋಗುತ್ತೆ."

"ದೊಡ್ಡದೇ ತಗೋ," ಎಂದರು ಮಾಮ. "ನೀನು ಉಜ್ಜೋದು ಕಾರನ್ನ, ಕೈಗಡಿಯಾರಾನಲ್ಲ."

ಪ್ರೂಫಣ್ಣ ಹಿಂದೆಮುಂದೆ ನೋಡಿದ. ಅಷ್ಟು ಸಾಕಾಯಿತು ಮಾಮನಿಗೆ. ಅಂಗಡಿಯಲ್ಲಿದ್ದವರನ್ನೆಲ್ಲ ಕೂಗಿ ಕೈ ಎತ್ತಿಸಿದರು. ನಲ್ಲಿ ಕೊಳ್ಳಲು ಬಂದ ಪ್ಲಂಬರನೂ ಮತ ಹಾಕಿದ. ಒಂದರ ವಿರುದ್ಧ ಐದು ಮತದಿಂದ ದೊಡ್ಡದು ಗೆದ್ದಿತು.

ಆದರೆ ಚಿಕ್ಕದು ಪ್ರೂಫಣ್ಣನ ಅಂಗೈಯಲ್ಲಿ ಅಚ್ಚುಕಟ್ಟಾಗಿ ಕೂತುಬಿಟ್ಟಿತ್ತು. ಜೀವನದಲ್ಲಿ ಮೊದಲ ಸಲ ಅವನು ಬಹುಮತವನ್ನು ಧಿಕ್ಕರಿಸಿದ.

"ಬ್ಯಾಟರಿ ಅರ್ಧ ಗಂಟೆ ಬರುತ್ತೆ, ಚಾರ್ಜಿಗೆ ಒಂದೂವರೆ ಗಂಟೆ," ಎಂದ ಅಂಗಡಿಯವನು. "ಎರಡನೇ ಬ್ಯಾಟರಿ ಮುಂದಿನ ವಾರ ಬರುತ್ತೆ."

ಮನೆಗೆ ಬಂದು ಕಾರು ತೊಳೆದು ಒರೆಸುವಷ್ಟರಲ್ಲಿ ಬ್ಯಾಟರಿ ತುಂಬಿತ್ತು. ಎಡಪಕ್ಕದಿಂದ ಶುರುಮಾಡಿದ. ಮೆಷಿನ್ನು ಗುಂಯ್‌ಗುಡುತ್ತಾ ಹೋದಂತೆಲ್ಲ ಬೂದಿಯ ಅಡಿಯಿಂದ ನೀಲಿ ಮೇಲೆದ್ದು ಬಂತು. ಅದೇ ನೀಲಿ. ಅವನಿಗೆ ಕಣ್ಣು ಮಂಜಾಯಿತು. ಎಡಪಕ್ಕ, ಬಾನೆಟ್ಟು ಮುಗಿಯುವ ಹೊತ್ತಿಗೆ ಮೆಷಿನ್ನು ನಿಂತಿತು. ಮತ್ತೆ ಚಾರ್ಜಿಗೆ ಹಾಕಿ, ಬೆಳಗ್ಗೆಯಿಂದ ಖಾಲಿಯಿದ್ದ ಹೊಟ್ಟೆಗೆ ಎರಡು ತುತ್ತು ಹಾಕಿ, ಹಾಗೇ ಕುರ್ಚಿಯಲ್ಲಿ ತೂಕಡಿಸಿದ.

ಎಚ್ಚರವಾದಾಗ ಗಂಟೆ ನಾಲ್ಕೂಕಾಲು. ಚಾರ್ಜರಿನಲ್ಲಿ ಬ್ಯಾಟರಿಯಿಲ್ಲ. ಹೊರಗೆ ಮಾಮ ವಠಾರದವರನ್ನೆಲ್ಲ ಸೇರಿಸಿಕೊಂಡು, ಚಿಕ್ಕ ಮೆಷಿನ್ನು ಯಾಕೆ ಸೋಲಬೇಕಿತ್ತೆಂದು ತೋರಿಸುತ್ತಿದ್ದರು. ತಮ್ಮ ಬೂಟು, ಎದುರುಮನೆಯ ಫ್ರಿಜ್ಜಿನ ಬಾಗಿಲು, ಯಾರದೋ ಟ್ರಂಕು, ಹೀಗೆ ತಮ್ಮ ಬೋಳುತಲೆಯೊಂದನ್ನು ಬಿಟ್ಟು ಕಂಡದ್ದನ್ನೆಲ್ಲ ಉಜ್ಜಿ ಮುಗಿಸಿದ್ದರು.

"ನೋಡು, ನಾನು ಹೇಳಲಿಲ್ವಾ? ನಿಂತೇಹೋಯ್ತು," ಎಂದು ಮೆಷಿನ್ನನ್ನು ಅವನ ಕೈಗಿಟ್ಟರು.

ಪ್ರೂಫಣ್ಣ ಗಡಿಯಾರ ನೋಡಿದ, ಇನ್ನು ಚಾರ್ಜು ಮಾಡಲು ಹೊತ್ತಿರಲಿಲ್ಲ. ಕಾರನ್ನು ಹಿಂದೆಮುಂದೆ ಆಡಿಸಿ, ಮಾಸಲು ಬಲಪಕ್ಕ ಕಾಂಪೌಂಡಿಗೆ ಆತುಕೊಳ್ಳುವಂತೆ ನಿಲ್ಲಿಸಿದ. ತಾನು ಎಡಬಾಗಿಲಿನಿಂದ ನುಸುಳಿ ಈಚೆ ಬಂದ.

ಐದಕ್ಕೆ ಹೆಂಡತಿಯೂ ಔಷಧಿ ಅಂಗಡಿಯವರೂ ಒಟ್ಟಿಗೇ ಗೇಟು ದಾಟಿದರು. ಅವಳು ನಾಲ್ಕು ಹೆಜ್ಜೆ ಬಂದು ನಿಂತಳು. ಹೆಗಲಿನ ಚೀಲ ಜಾರಿದ್ದೂ ಗೊತ್ತಾಗಲಿಲ್ಲ. ಹಿಂದಿನ ಬಾಗಿಲ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಅವತ್ತು ನಾನು ಇಲ್ಲೇ ಕೂತಿದ್ದೆ, ಮಗೂನ ಎತ್ಕೊಂಡು," ಎಂದಳು. ಆಮೇಲೆ ತಿರುಗಿ, "ತಪ್ಪು ತಿಳ್ಕೋಬೇಡಿ. ಕಾರು ಮಾರೋದಿಲ್ಲ," ಎಂದು ಬಂದವರನ್ನು ಕಳಿಸಿಕೊಟ್ಟಳು.

ಪ್ರೂಫಣ್ಣ ಅವಳ ಪಕ್ಕಕ್ಕೆ ಬಂದು ನಿಂತ. ಹೇಳಬೇಕಾದದ್ದನ್ನೂ ಹೇಳಿಬಿಟ್ಟ. "ಆ ಕಡೆ ಇನ್ನೂ ಹಾಗೇ ಇದೆ ಕಣೆ."

ಅವಳು ಬಗ್ಗಿ ನೋಡಿ ನಕ್ಕಳು. "ನಾಳೆ ಮುಗಿಸಿ. ನಾಡಿದ್ದಿಂದ ನಾನೇ ಸ್ಕೂಲಿಗೆ ತಗೊಂಡು ಹೋಗ್ತೀನಿ. ಇದರಿಂದ ಇಳಿಯೋಕೆ ನನಗೇನು ನಾಚಿಕೆ?"

"ಮತ್ತೆ ನಾನು?"

"ನಿಮಗೆ ಎಂಟೂಕಾಲಿನ ಬಸ್ಸಿದೆ. ಹನ್ನೆರಡು ವರ್ಷ ನಾನು ಹೋಗಲಿಲ್ವಾ?"

ಆ ಲೆಕ್ಕದಲ್ಲಿ ಅವನಿಗೆ ಯಾವ ತಪ್ಪೂ ಸಿಗಲಿಲ್ಲ.

ಮೂರನೆಯ ದಿನ ಬೆಳಗ್ಗೆ ಅವನು ಸ್ಟಾಪಿನಲ್ಲಿ ನಿಂತಿದ್ದಾಗ ಕಾರು ಬಂತು. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಂಡತಿ ಹಾರ್ನು ಹೊಡೆದು ಕೈಬೀಸಿದಳು, ನಿಲ್ಲಿಸಲಿಲ್ಲ. ಒಂದು ಗೀರೂ ಇಲ್ಲದ ಆ ನೀಲಿಯಲ್ಲಿ, ಊಟದ ಡಬ್ಬಿ ಹಿಡಿದು ಬಸ್ಸಿಗೆ ಕಾಯುವ ಒಬ್ಬ ಮನುಷ್ಯ ಸ್ಪಷ್ಟವಾಗಿ ಕಂಡು, ಸರಿದುಹೋದ.