ಮಷೀನಿನ ಪಕ್ಕದ ಮೆಂತ್ಯೆ

ಬೆಳಕು ಹರಿಯುವ ಮೊದಲೇ ವಿಮಲಾಬಾಯಿ ನಳದ ನೀರು ತುಂಬಿ, ಅಂಗಳ ಗುಡಿಸಿ, ಹತ್ತು ಜೋಳದ ರೊಟ್ಟಿ ಬಡಿದು, ಗಂಡನ ಗುಳಿಗೆ ಎಣಿಸಿಟ್ಟು, ಕೊನೆಗೆ ಎರಡು ತಟ್ಟೆ ಮೆಂತ್ಯೆ ಸಸಿಗೆ ನೀರು ಚಿಮುಕಿಸುತ್ತಿದ್ದಳು. ಈ ಕೊನೆಯ ಕೆಲಸ ಮಾತ್ರ ಮನೆಯದಲ್ಲ, ವಿಜ್ಞಾನದ್ದು!

ಗಂಡ ನೀಲಕಂಠ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ವಿದ್ಯುತ್ ಉಪಕರಣಗಳ ಸುತ್ತಲಿನ ದುರ್ಬಲ ಕಾಂತಕ್ಷೇತ್ರ ಜೀವಿಗಳನ್ನು ಏನು ಮಾಡುತ್ತದೆಂದು ಜಗತ್ತಿನ ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದರು. ಸೇಡಂ ರಸ್ತೆಯ ಈ ಮನೆಯಿಂದ ಹದಿನೈದೇ ದಿನದಲ್ಲಿ ತೀರ್ಪು ಹೊರಡುವುದೆಂದು ಅವನು ಸಾರಿದ. ಒಂದು ತಟ್ಟೆ ವಾಷಿಂಗ್ ಮಷೀನಿನ ಪಕ್ಕ, ಇನ್ನೊಂದು ದೂರದ ಹಾಲ್‌ನ ಕಿಟಕಿಯಲ್ಲಿ. ಮಷೀನಿನ ಪಕ್ಕದ್ದು ಬಾಡಿದರೆ ಮಷೀನು ಕಮಲಾಪುರದಲ್ಲಿರುವ ಅವಳ ತಮ್ಮ ಮೌನೇಶನ ಪಾಲು. ಇಪ್ಪತ್ತಾರು ವರ್ಷ ಕಲ್ಲಿಗೆ ಬಟ್ಟೆ ಬಡಿದ ಮೇಲೆ ವಿಮಲಾಬಾಯಿಗೆ ಸಿಕ್ಕಿದ್ದ ಮಷೀನು ಅದು!

ನೀಲಕಂಠ ವಹಿಯಲ್ಲಿ ತಾಪಮಾನ, ಎತ್ತರ, ಅಂತರ ಬರೆದ. ಎರಡೂ ತಟ್ಟೆಗಳು ಸಮಸಮ ಬೆಳೆದವು. ಬಾಡಿದ್ದು ಅವನ ಮುಖವೊಂದೇ.

ಹನ್ನೊಂದನೆಯ ದಿನ ಮೌನೇಶನ ಮಗುವಿನ ತೊಟ್ಟಿಲ ಕಾರ್ಯ ಬಂತು. ಪ್ರಯೋಗ ಬಿಟ್ಟು ಬರಲಾಗದೆಂದು ನೀಲಕಂಠ ಉಳಿದ, ಅವಳೊಬ್ಬಳೇ ಹೋದಳು. ಬಂದವರೆಲ್ಲ ಸರ್ ಯಾಕೆ ಬರಲಿಲ್ಲವೆಂದು ವಿಚಾರಿಸಿದರು. ಅವಳು ಉಂಡಳೋ ಇಲ್ಲವೋ ಯಾರೂ ಕೇಳಲಿಲ್ಲ. ಅವಳಿಗೆ ಮೆಂತ್ಯೆ ನೆನಪಾಯಿತು. ಮನೆಯಲ್ಲಿ ಅವಳ ಮಾತಿಗೆ ತಲೆ ಎತ್ತುತ್ತಿದ್ದವು ಅವೆರಡೇ.

ಹೋದ ಐದನೆಯ ದಿನ ಕಲಬುರಗಿಗೆ ಮರಳಲು ಕಮಲಾಪುರದಲ್ಲಿ ಬಸ್ ಹತ್ತಿ ಕೂತಾಗ ನೀಲಕಂಠನ ಫೋನ್ ಬಂತು.

"ಎರಡೂ ಒಣಗ್ಯಾವ. ಕ್ಷೇತ್ರ ಮನಿ ತುಂಬಾ ಹಬ್ಯದ, ಹಾಲ್‌ತನಕಾ. ಮಷೀನ್ ಟೆಂಪೋಕ್ಕ ಹಾಕಿ ಮೌನೇಶನ ಮನಿಗಿ ಕಳಿಸೀನಿ."

"ನೀರು ಹಾಕೀರೇನ್ರೀ?"

"ನೀರಾ?" ಪುಟ ತಿರುವುವ ಸದ್ದು ಕೇಳಿತು. "ವಹ್ಯಾಗ ನೀರಿನ ಕಾಲಮ್ಮೇ ಇಲ್ಲಲ್ಲ."

ಆಮೇಲೆ ಐದು ದಿನದ ಬಟ್ಟೆ ರಾಶಿ ಬಿದ್ದಿದೆ, ಲಗೂನ ಬಾ ಎಂದ. ಎಷ್ಟು ಹೊತ್ತಿಗೆ ತಲುಪುವಳೆಂದೂ ಕೇಳಿದ. ವಿಮಲಾಬಾಯಿ ಫೋನ್ ಚೀಲಕ್ಕೆ ಹಾಕಿದಳು.

"ಅಕ್ಕೋರೆ, ಕಲಬುರಗಿಗಿ ಒಂದೇ ಟಿಕೀಟೇನ್ರೀ?" ಎಂದ ಕಂಡಕ್ಟರ್.

ಅವಳು ಚೀಲ ಎತ್ತಿಕೊಂಡು ಇಳಿದಳು. ಬಸ್ ಹೊರಟಿತು. ಮೌನೇಶನ ಮನೆಯ ದಾರಿ ಹಿಡಿದವಳು ಬೇಗಬೇಗ ನಡೆದಳು. ಟೆಂಪೋ ಬರುವುದರೊಳಗೆ ಮಷೀನಿಗೊಂದು ಪ್ಲಗ್, ತನಗೊಂದು ಮಂಚ ನೋಡಿಕೊಳ್ಳಬೇಕಿತ್ತು.