ಜಗಲಿ ಬಿಡದ ಸೈಕಲ್ಲು

ದುಡ್ಡು ಕೊಟ್ಟು ಕಷ್ಟ ಕೊಂಡುಕೊಳ್ಳುವ ಬುದ್ಧಿ ಮನುಷ್ಯನಿಗೆ ಬಿಟ್ಟರೆ ಬೇರೆ ಯಾವ ಪ್ರಾಣಿಗೂ ಇಲ್ಲ. ನಮ್ಮ ಕೊಟ್ಟಿಗೆಯ ಎತ್ತನ್ನು ಗಾಡಿಗೆ ಕಟ್ಟಿ, ಗಾಡಿಯನ್ನು ಗೋಡೆಗೆ ಬಿಗಿದು, ನಡಿ ಎಂದರೆ ಅದು ನನ್ನ ಮುಖ ನೋಡಿ ಮಲಗಿಬಿಡುತ್ತದೆ. ನಾನು ಎತ್ತಲ್ಲ, ಪಾಂಡವಪುರದ ಹೈಸ್ಕೂಲು ಮೇಷ್ಟ್ರು. ಆದ್ದರಿಂದ ನಿಂತಲ್ಲೇ ನಿಲ್ಲುವ ಸ್ಮಾರ್ಟ್ ಸೈಕಲ್ಲೊಂದನ್ನು ಮನೆಗೆ ತರಿಸಿದೆ. ತುಳಿದರೆ ಎದುರಿನ ಟೀವಿಯಲ್ಲಿ ಯಾವುದೋ ದೇಶದ ರಸ್ತೆ ಓಡುತ್ತದೆ. ಅಲ್ಲಿ ಏರು ಬಂದರೆ ಇಲ್ಲಿ ಪೆಡಲು ಬಿಗಿಯಾಗುತ್ತದೆ. ಇಲ್ಲದ ಏರನ್ನು ಹುಟ್ಟಿಸಿ ಮಾರುವವರ ಬುದ್ಧಿವಂತಿಕೆಗೆ ದೊಡ್ಡ ನಮಸ್ಕಾರ. ಕೊಂಡವನ ಬುದ್ಧಿಯ ವಿಷಯ ಬೇಡ.

ಇದಕ್ಕೆಲ್ಲ ಕಾರಣ ಡಾಕ್ಟರು. "ಸಕ್ಕರೆ ಏರಿದೆ ಮೇಷ್ಟ್ರೇ. ದಿನಾ ಸೈಕಲ್ ತುಳೀರಿ. ಮುಂದಿನ ತಿಂಗಳು ಇಳಿದಿಲ್ಲ ಅಂದ್ರೆ ಇನ್ಸುಲಿನ್ ಚುಚ್ಚಲೇಬೇಕು" ಎಂದರು. ಸೂಜಿ ಎಂದರೆ ನನ್ನ ಜೀವ ಬಾಯಿಗೆ ಬರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ ರಜೆ ಹಾಕುವವನು ನಾನು. ಮೊದಲು ಮನೆಯ ಹಳೆಯ ಸೈಕಲ್ಲನ್ನೇ ಒರೆಸಿ ರಸ್ತೆಗಿಳಿದೆ. ನಮ್ಮ ಕಡೆ ಸಂಬಳದ ಮನುಷ್ಯ ಸೈಕಲ್ ಹತ್ತಿದರೆ ಜನ ತಿಳಿಯುವುದು ಒಂದೇ. "ಕಾರು ಮಾರ್ಬುಟ್ರಾ ಮೇಸ್ಟ್ರೆ?" ಎಂದು ಟೀ ಅಂಗಡಿಯವನು ಮೆಲ್ಲಗೆ ಕೇಳಿದ. ಸಂಜೆಯೊಳಗೆ ಬಾಬುರಾಯನಕೊಪ್ಪಲಿನಿಂದ ನನ್ನ ಅತ್ತೆ ಹೆಂಡತಿಗೆ ಫೋನು ಮಾಡಿ, ಏನೇ ಇದ್ದರೂ ಮುಚ್ಚಿಡಬೇಡ ಮಗಳೇ ಎಂದು ಅತ್ತರು. ಮರ್ಯಾದೆ ಉಳಿಯಬೇಕಾದರೆ ಮನೆಯೊಳಗೇ ತುಳಿಯಬೇಕೆಂದು ತೀರ್ಮಾನಿಸಿದೆ.

ಯಂತ್ರ ಬಂತು. ಮೊದಲು ಮೊಬೈಲಿನಲ್ಲಿ ಹೆಸರು, ವಯಸ್ಸು, ತೂಕ ತುಂಬಬೇಕು. ತೂಕದ ವಿಷಯದಲ್ಲಿ ಸ್ವಲ್ಪ ಕೈ ಬಿಗಿ ಹಿಡಿದೆ. "ಅದು ಮದ್ವೇಲಿದ್ದ ತೂಕ ಕಣ್ರೀ" ಎಂದು ಬೆನ್ನ ಹಿಂದೆ ನಿಂತಿದ್ದ ಹೆಂಡತಿ ಸಾವಿತ್ರಿ ತಿದ್ದಿಸಿದಳು. ಪೂಜೆ ಮಾಡಲು ನಿಂಬೆಹಣ್ಣು ತಂದವಳು, ನೆಲಕ್ಕೆ ತಾಗುವ ಚಕ್ರವೇ ಇಲ್ಲದ್ದನ್ನು ಕಂಡು ಅದನ್ನು ಚಿತ್ರಾನ್ನಕ್ಕೆ ಹಿಂಡಿದಳು. ಒಳಕೋಣೆಯಲ್ಲಿ ವೈಫೈ ಸಿಗಲಿಲ್ಲ, ನಡುಮನೆಯಲ್ಲೂ ಸಿಗಲಿಲ್ಲ. ತಳ್ಳುತ್ತ ತಳ್ಳುತ್ತ ಕೊನೆಗೆ ಸಿಕ್ಕಿದ್ದು ಜಗಲಿಯ ಮೇಲೆ, ಬೀದಿಯ ಎದುರಿಗೆ. ಟೀವಿಯನ್ನೂ ಅಲ್ಲಿಗೇ ಹೊತ್ತು ತಂದೆ. ಡೇರಿಗೆ ಹಾಲು ಹಾಕಲು ಹೋಗುವ ಇಡೀ ಊರು ಅಲ್ಲೇ ಹಾಯುತ್ತದೆ.

ಮೊದಲ ಬೆಳಿಗ್ಗೆಯೇ ಕ್ಯಾನು ಹಿಡಿದವರೆಲ್ಲ ನಿಂತರು. ನಮ್ಮ ದೊಡ್ಡಪ್ಪ ಜಗಲಿ ಹತ್ತಿ ಕೂತರು. ಟೀವಿಯಲ್ಲಿ ಯಾವನೋ ಪರದೇಶದ ಸವಾರ ನನ್ನ ಪಕ್ಕಕ್ಕೆ ಬಂದು ಕೈ ಎತ್ತಿದ.

"ಲೇ, ನಿಲ್ಸ್ಲಾ. ಆ ಮನ್ಸ ಕೈ ಎತ್ತಿ ಮಾತಾಡುಸ್ತಾವ್ನೆ, ನೀನು ನೋಡ್ದಂಗೆ ಓಯ್ತಾ ಇದೀಯಲ್ಲ. ಮೇಸ್ಟ್ರಾಗಿ ಇಂಗಾ ನಡ್ಕಳದು?"

"ಅವ್ನು ಎಲ್ಲೋ ಅವ್ನೆ ದೊಡ್ಡಪ್ಪ. ನಮ್ಮ ಮಾತು ಅವ್ನಿಗೆ ಕೇಳ್ಸಲ್ಲ."

"ಕೇಳ್ಸದಿದ್ರೆ ಏನ್ಲಾ, ಕಾಣ್ತಾವ್ನಲ್ಲ."

ನಿಲ್ಲಿಸಿದೆ. ಎದುರಾದವರಿಗೆಲ್ಲ ನಿಂತು ಕೈಮುಗಿಯುವ ಸವಾರ ಇಡೀ ಪ್ರಪಂಚದಲ್ಲಿ ನಾನೊಬ್ಬನೇ ಇದ್ದಿರಬೇಕು. ಜಗಲಿ ಹತ್ತಿದವರಿಗೆ ಕಾಫಿ ಕೊಡದೆ ಕಳಿಸುವಂತಿಲ್ಲ. ಮನೆಯವನು ಕುಡಿಯದೆ ಅವರು ಲೋಟ ಮುಟ್ಟುವುದಿಲ್ಲ. ಸಾವಿತ್ರಿ ನನಗೆಂದು ಸಕ್ಕರೆಯಿಲ್ಲದ್ದನ್ನು ಬೇರೆ ತಂದರೆ, "ನಮ್ಗೊಂದು, ಅವ್ರಿಗೊಂದಾ?" ಎಂದು ಮುಖ ಊದಿಸಿಕೊಂಡರು. ನಾನೂ ಸಕ್ಕರೆ ಹಾಕಿದ್ದನ್ನೇ ಕುಡಿದೆ.

ಎರಡು ದಿನ ಹೀಗಾದ ಮೇಲೆ ದೊಡ್ಡಪ್ಪ "ನಿಂಗೆ ಸುಸ್ತಾಗ್ಯದೆ, ಇಳಿಲಾ" ಎಂದು ಪಂಚೆ ಎತ್ತಿಕಟ್ಟಿ ತಾವೇ ಹತ್ತಿದರು. ಅವರಾದ ಮೇಲೆ ಡೇರಿಗೆ ಬಂದವರು ಸರದಿಯಲ್ಲಿ ಹತ್ತಿದರು. ಮಧ್ಯಾಹ್ನ ಸಾವಿತ್ರಿಯ ಮಹಿಳಾ ಸಂಘದವರು ಸೆರಗು ಸಿಕ್ಕಿಸಿಕೊಂಡು ಬಂದರು. ಬೇರೆ ಹೆಸರು ಸೇರಿಸುವುದು ನನಗೆ ತಿಳಿಯದ್ದರಿಂದ ಎಲ್ಲರೂ ನನ್ನ ಹೆಸರಿನಲ್ಲೇ ಪರದೇಶದ ಬೆಟ್ಟ ಏರಿದರು. ಇಂಥ ಜನರ ನಡುವೆ ಯಾವನು ಆರೋಗ್ಯವಾಗಿರಲು ಸಾಧ್ಯ ಎಂದು ಸಿಟ್ಟು ಬರುತ್ತಿತ್ತು. ಆದರೆ ಮೊಬೈಲಿನಲ್ಲಿ ನನ್ನ ಹೆಸರಿನ ಮುಂದೆ ಕಿಲೋಮೀಟರು ಬೆಳೆಯುವುದನ್ನು ನೋಡುತ್ತ ಕಾಫಿ ಕುಡಿಯುವುದು ಸುಖವಾಗಿಯೇ ಇತ್ತು.

ತಿಂಗಳು ಕಳೆದು ಡಾಕ್ಟರ ಮುಂದೆ ಕೂತೆ. ರಕ್ತದ ವರದಿ ನೋಡಿ ಅವರು ಹುಬ್ಬು ಗಂಟಿಕ್ಕಿದರು. "ನೀವು ಸೈಕಲ್ ಮುಟ್ಟೇ ಇಲ್ಲ ಅನ್ಸುತ್ತೆ" ಎಂದರು. ನನಗೆ ರೋಷ ಉಕ್ಕಿ ಮೊಬೈಲು ತೆಗೆದು ಮೇಜಿನ ಮೇಲಿಟ್ಟೆ. ಅವರು ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು, ಎದ್ದು ನನ್ನ ಕೈ ಕುಲುಕಿದರು.

"ಸುಮ್ಮನೆ ಅನುಮಾನಪಟ್ಟೆ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಇಷ್ಟು ತುಳಿದೂ ಸಕ್ಕರೆ ಇಳಿದಿಲ್ಲ ಅಂದ್ರೆ ನಿಮ್ಮ ಕೈಲಿ ಆಗೋದು ಇನ್ನೇನೂ ಇಲ್ಲ. ಇವತ್ತೇ ಇನ್ಸುಲಿನ್ ಶುರು ಮಾಡೋಣ."

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನರ್ಸನ್ನು ಕರೆದು, "ನೋಡಮ್ಮ, ಈ ವಯಸ್ಸಲ್ಲಿ ಹೀಗೆ ತುಳಿಯೋರನ್ನ ನಾನು ನೋಡೇ ಇಲ್ಲ" ಎಂದರು. ನಾನು ಬಾಯಿ ಮುಚ್ಚಿ ಅಂಗಿಯ ತೋಳು ಮಡಚಿದೆ.